ಆರಿಹೋಗುವ ಬಚ್ಚಲೊಲೆ

ಬಚ್ಚಲುಮನೆಯ ಒಲೆಯು ಮೇಲಿಂದ ಮೇಲೆ ಆರಿಹೋಗುತ್ತದೆಂಬುದು ಗೃಹಸ್ಥರಲ್ಲಿ ಬಹು ಸಾಮಾನ್ಯವಾದ ದೂರು. ವಿದ್ಯುತ್ತಿನಿಂದಲೂ ಅನಿಲದಿಂದಲೂ ಬಿಸಿಲಿನಿಂದಲೂ ನೀರು ಕಾಯಿಸುವ ಸಾಧನಗಳು ಈಗ ಊರೂರಿಗೂ ಬಂದಿರುವುವಾದರೂ, ಮಲೆನಾಡಿನ ತೋಟದ ಮನೆಗಳಲ್ಲಿ ಹಂಡೆಯೊಲೆಯೂ, ಬೆಂಗಳೂರು ಮೈಸೂರುಗಳ ಹಳೆಯ ಮನೆಗಳಲ್ಲಿ ತಾಮ್ರದ ಬಾಯ್ಲರೂ ಇನ್ನೂ ಪೂರ್ತಿಯಾಗಿ ಕಣ್ಮರೆಯಾಗಿಲ್ಲ. ಒಲೆ ಆರಿದೊಡನೆ ಮನೆಯವರು ಇದ್ದಲು ಮಾರಿದವನನ್ನು ಬೈಯುತ್ತಾರೆ. ಅವನು ಮಳೆಯನ್ನು ಬೈಯುತ್ತಾನೆ. ಕಡೆಗೆ ಅಪವಾದವೆಲ್ಲ ಒಲೆ ಹೊತ್ತಿಸಿದ ಸೊಸೆಯ ಕೈಗುಣದ ಮೇಲೆ ಬಂದು ಕೂರುವುದುಂಟು. ಇದರಲ್ಲಿ ಎಷ್ಟೋ ವೇಳೆ ಮೂವರೂ ನಿರಪರಾಧಿಗಳು. ರೋಗದ ಮೂಲವು ಒಲೆಯ ಬಾಯಿಂದ ಹೊಗೆಕೊಳವೆಯ ತುದಿಯವರೆಗಿನ ಗಾಳಿಯ ಹಾದಿಯಲ್ಲಿ ಎಲ್ಲಿಯೋ ಅಡಗಿರುತ್ತದೆ. ಆ ಹಾದಿಯನ್ನು ಹಿಡಿದು ಹೋಗಿ ದೋಷವನ್ನು ಕಂಡುಹಿಡಿಯುವ ಕ್ರಮವನ್ನು ನಾವು ಇಲ್ಲಿ ನಿರೂಪಿಸುತ್ತೇವೆ.

ಅಮರಸಿಂಹನು ತನ್ನ ಕೋಶದಲ್ಲಿ ಅಗ್ನಿಗೆ ಹೇಳಿರುವ ಅನೇಕ ನಾಮಗಳಲ್ಲಿ ಮೂರು ನಮ್ಮ ಪ್ರಕೃತ ವಿಷಯಕ್ಕೆ ಬಹಳ ಒದಗುತ್ತವೆ. ಅಗ್ನಿಯು ಆಶ್ರಯಾಶ, ಎಂದರೆ ತಾನು ಆಶ್ರಯಿಸಿದ ವಸ್ತುವನ್ನೇ ತಿನ್ನತಕ್ಕವನು. ವಾಯುಸಖ, ಎಂದರೆ ಗಾಳಿಯ ಗೆಳೆಯ. ಕೃಷ್ಣವರ್ತ್ಮ, ಎಂದರೆ ಹೋದ ದಾರಿಯನ್ನು ಕಪ್ಪುಮಾಡುವವನು. ತಿನ್ನುವುದಕ್ಕೆ ಸೌದೆ ಅಥವಾ ಇದ್ದಲು, ಬದುಕುವುದಕ್ಕೆ ಗಾಳಿ, ಹೊರಹೋಗುವುದಕ್ಕೆ ದಾರಿ, ಈ ಮೂರೂ ಕೂಡಿದಲ್ಲಿ ಮಾತ್ರ ಒಲೆಯು ಉರಿಯುತ್ತದೆ. ಜನರು ಮೊದಲನೆಯದನ್ನು ಕುರಿತೇ ಚಿಂತಿಸುತ್ತಾರೆ. ಆರುತ್ತಿರುವ ಒಲೆಗೆ ಮತ್ತೊಂದು ಬೊಗಸೆ ಇದ್ದಲನ್ನು ಸುರಿಯುವುದು ಸರ್ವಸಾಧಾರಣವಾದ ಉಪಾಯ. ಅಜೀರ್ಣದವನಿಗೆ ಹೋಳಿಗೆ ಬಡಿಸಿದಂತೆ ಅದರಿಂದ ಒಲೆಯು ಇನ್ನಷ್ಟು ಬೇಗನೆ ಸಾಯುತ್ತದೆ.

ಗಾಳಿ ಎಷ್ಟು ಬೇಕೆಂಬುದನ್ನು ಲೆಕ್ಕಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಮಾತ್ರ ಆಮ್ಲಜನಕವಿರುವುದರಿಂದ, 1 ಕಿಲೋಗ್ರಾಂ ಒಳ್ಳೆಯ ಇದ್ದಲು ಚೆನ್ನಾಗಿ ಉರಿದು ಮುಗಿಯಬೇಕಾದರೆ ಸುಮಾರು 8 ಘನಮೀಟರು ಗಾಳಿ ವೆಚ್ಚವಾಗಬೇಕು. ಎರಡು ಮೀಟರು ಉದ್ದ, ಎರಡು ಮೀಟರು ಅಗಲ, ಎರಡು ಮೀಟರು ಎತ್ತರದ ಒಂದು ಸಣ್ಣ ಬಚ್ಚಲುಮನೆಯಲ್ಲಿ ಹಿಡಿಯುವ ಗಾಳಿಯು ಒಟ್ಟು ಅಷ್ಟೇ. ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಂಡು ಒಲೆಯೂ ಉರಿಯಲಿ, ಮೈಯೂ ಬೆಚ್ಚಗಿರಲಿ ಎಂದು ಬಯಸುವವರು ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ಬಾಯ್ಲರಿನ ರಚನೆಯನ್ನು ನೋಡೋಣ. ಇದು ಕಂಬದಂತೆ ನಿಂತಿರುವ ತಾಮ್ರದ ಪಾತ್ರೆ. ಇದರ ನಡುವೆ ಕೆಳಗಿನಿಂದ ಮೇಲಿನವರೆಗೆ ಒಂದು ಕೊಳವೆ. ಕೊಳವೆಯ ಸುತ್ತ ನೀರು. ಬುಡದಲ್ಲಿ ಕಬ್ಬಿಣದ ಜಾಲರಿ; ಜಾಲರಿಯ ಮೇಲೆ ಕೆಂಡ, ಕೆಳಗೆ ಬೂದಿ ಬೀಳುವ ಗೂಡು. ಗೂಡಿನ ಬಾಯಿಂದ ಹೊಕ್ಕ ಗಾಳಿಯು ಜಾಲರಿಯ ಸಂದುಗಳಲ್ಲಿ ನುಸುಳಿ, ಕೆಂಡವನ್ನು ಮುಟ್ಟಿ ಕಾದು, ಹಗುರವಾಗಿ ಮೇಲಕ್ಕೇರುತ್ತದೆ. ಅದು ಮೇಲಕ್ಕೆ ಹೋದಂತೆ ಕೆಳಗಿನಿಂದ ಹೊಸ ಗಾಳಿಯು ತಾನಾಗಿ ಒಳಕ್ಕೆ ಬರುತ್ತದೆ. ಬೀಸಣಿಗೆಯೂ ಊದುಗೊಳವೆಯೂ ಮಾಡುವ ಕೆಲಸವನ್ನು ಹೊಗೆಕೊಳವೆಯು ದಣಿಯದೆ ಮಾಡುತ್ತಿರುತ್ತದೆ. ಹಂಡೆಯೊಲೆಯಲ್ಲಿ ಜಾಲರಿಯಿಲ್ಲ, ಅಲ್ಲಿ ಗಾಳಿಯು ಒಲೆಯ ಬಾಯಿಂದಲೇ ಸೌದೆಯ ಸಂದಿಯಲ್ಲಿ ಹೋಗಬೇಕು. ವ್ಯತ್ಯಾಸ ಇಷ್ಟೇ.

ಪರೀಕ್ಷೆಯನ್ನು ಬುಡದಿಂದ ಪ್ರಾರಂಭಿಸತಕ್ಕದ್ದು. ಹತ್ತರಲ್ಲಿ ಆರು ಒಲೆಗಳ ದೋಷವು ಬೂದಿಯ ಗೂಡಿನಲ್ಲಿಯೇ ಕಾಣಸಿಗುವುದೆಂದು ನಾವು ಅಂದಾಜಿನಿಂದ ಹೇಳಬಲ್ಲೆವು. ಗೂಡು ತುಂಬಿ ಬೂದಿಯು ಜಾಲರಿಯನ್ನು ಮುಟ್ಟಿದರೆ ಗಾಳಿಗೆ ಹಾದಿಯಿಲ್ಲ. ಅಲ್ಲದೆ ಕೆಂಡದ ಕಾವು ಕೆಳಗಿನ ಬೂದಿಯಲ್ಲಿಯೇ ನಿಂತು, ಜಾಲರಿಯ ಸಲಾಕೆಗಳು ಬಗ್ಗಿ ಹೋಗುತ್ತವೆ. ಬಗ್ಗಿದ ಸಲಾಕೆಗಳ ನಡುವೆ ಒಂದು ಕಡೆ ಕೆಂಡವೇ ಉದುರುತ್ತದೆ, ಇನ್ನೊಂದು ಕಡೆ ಇದ್ದಲಿನ ಚೂರು ಸಿಕ್ಕಿಕೊಳ್ಳುತ್ತದೆ. ಪ್ರತಿದಿನವೂ ಒಲೆ ಹೊತ್ತಿಸುವ ಮೊದಲು ಬೂದಿಯನ್ನು ತೆಗೆದು, ಜಾಲರಿಯ ಸಂದುಗಳನ್ನು ಒಂದು ಕಡ್ಡಿಯಿಂದ ಬಿಡಿಸಿದರೆ ಈ ತೊಂದರೆಯಿರದು. ಹಂಡೆಯೊಲೆಯ ಮಾತು ಸ್ವಲ್ಪ ಬೇರೆ. ಅಲ್ಲಿ ನೆಲದ ಮೇಲೆ ಎರಡು ಬೆರಳಿನಷ್ಟು ಬೂದಿಯನ್ನು ಬಿಟ್ಟರೆ ಅದು ಕೆಂಡಕ್ಕೆ ಹಾಸಿಗೆಯಾಗಿ ಕಾವನ್ನು ಹಿಡಿದಿಡುತ್ತದೆ. ಪೂರ್ತಿ ಬಳಿದು ತೆಗೆದರೆ ತಣ್ಣನೆಯ ನೆಲವು ಮೊದಲ ಉರಿಯನ್ನು ನುಂಗುತ್ತದೆ.

ಬೂದಿಯ ತರುವಾಯ ಇದ್ದಲು. ಚೀಲದ ತಳದಲ್ಲಿ ಉಳಿದ ಪುಡಿಯನ್ನು ಮಿತವ್ಯಯದ ದೃಷ್ಟಿಯಿಂದ ಒಲೆಗೆ ಸುರಿಯುವ ಪದ್ಧತಿಯುಂಟು. ಪುಡಿಯು ಕೆಂಡಗಳ ಸಂದಿನಲ್ಲಿ ಇಳಿದು ಜಾಲರಿಗೆ ಗಾರೆ ಮೆತ್ತಿದಂತೆ ಕೂರುತ್ತದೆ. ಜರಡಿ ಹಿಡಿದು ನಿಂಬೆಹಣ್ಣಿನ ಗಾತ್ರದ ತುಂಡುಗಳನ್ನು ಮಾತ್ರ ಒಲೆಗೆ ಹಾಕಬೇಕು. ಪುಡಿಯನ್ನು ಸಗಣಿಯಲ್ಲಿಯೋ ಜೇಡಿಯಲ್ಲಿಯೋ ಕಲಸಿ ಉಂಡೆ ಕಟ್ಟಿ ಒಣಗಿಸಿಟ್ಟುಕೊಂಡರೆ ಅದೂ ವ್ಯರ್ಥವಾಗದು. ಇದ್ದಲು ನೋಡುವುದಕ್ಕೆ ಒಣಗಿದಂತಿದ್ದರೂ ಮಳೆಗಾಲದ ಗಾಳಿಯಿಂದಲೇ ತೇವವನ್ನು ಹೀರುವ ಸ್ವಭಾವವುಳ್ಳದ್ದು. ಬಚ್ಚಲಿನ ಮೂಲೆಯಲ್ಲಿಯೇ ಚೀಲವನ್ನಿಡುವುದು ಅನುಕೂಲವೇನೋ ಸರಿ, ಆದರೆ ಆ ಅನುಕೂಲದ ಬೆಲೆಯನ್ನು ಪ್ರತಿ ಮುಂಜಾನೆಯೂ ತೆರಬೇಕಾಗುತ್ತದೆ.

ಕೆಂಡವನ್ನು ಕೆದಕುವ ಚಪಲದ ವಿಷಯದಲ್ಲಿ ನಾವು ಕೊಂಚ ನಿಲ್ಲಬೇಕಾಗಿದೆ. ಒಂಟಿ ಕೆಂಡವನ್ನು ಒಲೆಯಿಂದ ಹೊರಗೆ ತೆಗೆದಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಆರುತ್ತದೆ, ಗುಂಪಿನಲ್ಲಿರುವ ಕೆಂಡ ಆರುವುದಿಲ್ಲ. ಕೆಂಡಗಳು ಒಂದರ ಕಾವನ್ನೊಂದು ಹಿಡಿದುಕೊಂಡು ಬದುಕುತ್ತವೆ. ಕೆದಕಿದಾಗ ಅವು ಚದುರಿ, ಕಾವು ಹರಿದುಹೋಗಿ, ಮೇಲಿನ ಹಸಿ ಇದ್ದಲು ಕೆಳಗಿಳಿದು ಒಲೆ ತಣ್ಣಗಾಗುತ್ತದೆ. ಮನೆಯೊಲೆಗೆ ಕಲ್ಲಿದ್ದಲನ್ನು ಬಳಸಿದ ದೇಶದವರೂ ಈ ಪಾಠವನ್ನು ಕಷ್ಟಪಟ್ಟೇ ಕಲಿಯಬೇಕಾಯಿತು. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಆಂಥ್ರಸೈಟ್ ಎಂಬ ಗಟ್ಟಿಯಾದ ಕಲ್ಲಿದ್ದಲು ಹೇರಳವಾಗಿ ಇದ್ದರೂ, ಅದು ಮನೆಯ ಒಲೆಯಲ್ಲಿ ನಿಂತು ಉರಿಯದೆಂದು ಜನ ಅದನ್ನು ಬಹುಕಾಲ ಕಡೆಗಣಿಸಿದ್ದರು. ವಿಲ್ಕ್ಸ್-ಬಾರ್ ಎಂಬ ಊರಿನ ಜೆಸ್ಸಿ ಫೆಲ್ ಎಂಬಾತನು 1808ರ ಫೆಬ್ರುವರಿ 11ರಂದು ಕೆಳಗಿನಿಂದ ಗಾಳಿಯಾಡುವ ಕಬ್ಬಿಣದ ಜಾಲರಿಯಲ್ಲಿ ಅದನ್ನಿಟ್ಟು, ಊದುವ ತಿದಿಯ ಸಹಾಯವಿಲ್ಲದೆ ಉರಿಸಿ ತೋರಿಸಿದನು. ಇದಾದ ಕೆಲವು ವರ್ಷಗಳಲ್ಲಿ ಫಿಲಡೆಲ್ಫಿಯಾ ನಗರದ ಬಳಿಯ ಒಂದು ತಂತಿ ಕಾರ್ಖಾನೆಯಲ್ಲಿ ನಡೆದುದೆಂದು ಹೇಳುವ ಕಥೆಯು ಇನ್ನೂ ಸ್ವಾರಸ್ಯವಾಗಿದೆ. ಕೆಲಸಗಾರರು ರಾತ್ರಿಯೆಲ್ಲ ಈ ಇದ್ದಲನ್ನು ಕೆದಕಿ ಕುಕ್ಕಿ ಉರಿಸಲು ಹೆಣಗಾಡಿ, ಬೇಸತ್ತು, ಕುಲುಮೆಯ ಬಾಗಿಲನ್ನು ಬಡಿದು ಮುಚ್ಚಿ ಹೊರಟುಹೋದರಂತೆ. ಅವರಲ್ಲೊಬ್ಬನು ಮರೆತುಬಿಟ್ಟಿದ್ದ ತನ್ನ ಅಂಗಿಗಾಗಿ ಅರ್ಧ ಗಂಟೆಯ ಮೇಲೆ ಹಿಂದಿರುಗಿದಾಗ ಕುಲುಮೆಯ ಬಾಗಿಲು ಕೆಂಪಗೆ ಕಾದಿತ್ತಂತೆ. ಮೇಲಿನ ಬಾಗಿಲು ಮುಚ್ಚಿದುದರಿಂದ ಗಾಳಿಯೆಲ್ಲ ಜಾಲರಿಯ ಕೆಳಗಿನಿಂದಲೇ ಬರಬೇಕಾಯಿತು; ಕೆದಕುವ ಕೈಗಳೂ ದೂರವಾದುವು. ಉರಿ ತಾನೇ ಎದ್ದಿತು. ನಮ್ಮ ಇದ್ದಲು ಅಷ್ಟು ಹಟಮಾರಿಯಲ್ಲವಾದರೂ ನ್ಯಾಯ ಒಂದೇ. ಮೊದಲ ಕೆಂಡ ಚೆನ್ನಾಗಿ ಹಿಡಿಯುವವರೆಗೆ ಇಕ್ಕಳವನ್ನು ಮುಟ್ಟಕೂಡದು. ಹೊಸ ಇದ್ದಲನ್ನು ಸ್ವಲ್ಪ ಸ್ವಲ್ಪವಾಗಿ, ಒಂದು ಪಕ್ಕದಲ್ಲಿ ಕೆಂಪು ಕಾಣುವಂತೆ ಬಿಟ್ಟು ಹಾಕಬೇಕು.

ಕೆಳಗಡೆಯೆಲ್ಲ ಸರಿಯಾಗಿದ್ದೂ ಒಲೆ ಆರುವುದಾದರೆ, ದೃಷ್ಟಿಯನ್ನು ಕೃಷ್ಣವರ್ತ್ಮನ ದಾರಿಗೆ ತಿರುಗಿಸಬೇಕು. ಅದಕ್ಕೊಂದು ಸುಲಭವಾದ ಪರೀಕ್ಷೆಯಿದೆ. ಒಲೆ ಬೆಚ್ಚಗಿರುವಾಗ ಹೊತ್ತಿಸಿದ ಊದುಬತ್ತಿಯೊಂದನ್ನು ಬೂದಿಗೂಡಿನ ಬಾಯಿಯ ಬಳಿ ಹಿಡಿಯಿರಿ. ಹೊಗೆಯ ಎಳೆಯು ಬಾಗಿ ಒಳಕ್ಕೆ ಸೆಳೆಯಲ್ಪಟ್ಟರೆ ದಾರಿಯು ನಿರಾತಂಕವಾಗಿದೆ. ನೆಟ್ಟಗೆ ನಿಂತರೆ ಮೇಲೆ ಅಡಚಣೆಯಿದೆ. ನಿಮ್ಮ ಮುಖದ ಕಡೆಗೆ ತಿರುಗಿದರೆ ಗಾಳಿಯು ತಲೆಕೆಳಗಾಗಿ ಬರುತ್ತಿದೆ; ಆಗ ಒಲೆಯನ್ನು ಉರಿಸತಕ್ಕದ್ದೇ ಅಲ್ಲ.

ಅಡಚಣೆಯೆಂದರೆ ಹೆಚ್ಚಾಗಿ ಮಸಿ. ಬೇಸಗೆಯಲ್ಲಿ ಉಪಯೋಗಿಸದೆ ಬಿಟ್ಟ ಕೊಳವೆಯಲ್ಲಿ ಪಾರಿವಾಳವೋ ಕಣಜವೋ ಗೂಡು ಕಟ್ಟಿರುವುದೂ ಉಂಟು. ಒಲೆ ಪೂರ್ತಿ ತಣ್ಣಗಾದ ಮೇಲೆ, ಒಂದು ಹಗ್ಗಕ್ಕೆ ಗೋಣಿಯ ಚೂರನ್ನೂ ಸಣ್ಣ ಕಲ್ಲನ್ನೂ ಕಟ್ಟಿ ಮೇಲಿನಿಂದ ಇಳಿಬಿಟ್ಟು ನಾಲ್ಕಾರು ಬಾರಿ ಎಳೆದಾಡಿದರೆ ಮಸಿ ಉದುರುತ್ತದೆ. ಹಸಿ ಸೌದೆ ಉರಿಸುವ ಮನೆಗಳಲ್ಲಿ ಮಸಿಯು ಡಾಂಬರಿನಂತೆ ಅಂಟಿರುವುದು. ಅದು ಒಮ್ಮೊಮ್ಮೆ ಕೊಳವೆಯೊಳಗೇ ಬೆಂಕಿ ಹಿಡಿದು ಸೋಗೆಯ ಮಾಡಿಗೆ ಅಪಾಯ ತರುವುದರಿಂದ, ಕೆರೆಸಿ ತೆಗೆಸಲು ಕೂಲಿಗೆ ಹಿಂದೆಗೆಯಬಾರದು.

ನಮ್ಮ ಪರಿಚಿತರೊಬ್ಬರು ಒಮ್ಮೆ, "ಮೇಷ್ಟ್ರೇ, ಮೂವತ್ತು ವರ್ಷ ಚೆನ್ನಾಗಿ ಉರಿದ ಬಾಯ್ಲರು ಈ ವರ್ಷ ಮುನಿಸಿಕೊಂಡುಬಿಟ್ಟಿದೆ. ಜಾಲರಿ ಹೊಸದು ಹಾಕಿಸಿದೆ, ಇದ್ದಲಂಗಡಿಯನ್ನೂ ಬದಲಾಯಿಸಿದೆ" ಎಂದು ಹೇಳಿಕೊಂಡರು.

"ಪಕ್ಕದವರು ಏನಾದರೂ ಕಟ್ಟಿಸಿದರೇನು, ರಾಯರೇ?" ಎಂದೆವು.

"ಒಂದು ಅಂತಸ್ತು ಏರಿಸಿದ್ದಾರೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಸಂಬಂಧವಿತ್ತು. ಎತ್ತರದ ಗೋಡೆಗೆ ಬಡಿದ ಗಾಳಿಯು ಕೆಳಕ್ಕೆ ಮಗುಚಿ, ಪಕ್ಕದ ತಗ್ಗಾದ ಹೊಗೆಕೊಳವೆಯ ಬಾಯನ್ನು ಒತ್ತುತ್ತದೆ. ಕೊಳವೆಯನ್ನು ಏರಿಸಿ, ಅದರ ತಲೆಗೆ ತಗಡಿನ ಟೊಪ್ಪಿಗೆ ಹಾಕಿಸಿದ ಮೇಲೆ ಬಾಯ್ಲರಿನ ಮುನಿಸು ತಿಳಿಯಿತು. ದೊಡ್ಡ ಮರಗಳೂ ಹೀಗೆಯೇ ಮಾಡಬಲ್ಲುವು. ಈಚಿನ ಮನೆಗಳಲ್ಲಿ ಇನ್ನೊಂದು ಹೊಸ ಶತ್ರುವುಂಟು. ಬಚ್ಚಲಿನ ಗೋಡೆಗೆ ಗಾಳಿ ಹೊರದೂಡುವ ವಿದ್ಯುತ್ ಪಂಖವನ್ನು ಇಡಿಸುತ್ತಾರೆ. ಬಾಗಿಲು ಮುಚ್ಚಿ ಆ ಪಂಖವನ್ನು ತಿರುಗಿಸಿದರೆ, ಅದು ಹೊರದೂಡಿದಷ್ಟು ಗಾಳಿಯು ಎಲ್ಲಿಂದಾದರೂ ಒಳಕ್ಕೆ ಬರಲೇಬೇಕಷ್ಟೆ. ಹೊಗೆಕೊಳವೆಯೇ ಸಮೀಪದ ದಾರಿಯಾದ್ದರಿಂದ ಹೊಗೆಯೆಲ್ಲ ಹಿಂದಿರುಗಿ ಕೋಣೆಗೆ ಇಳಿಯುತ್ತದೆ. ಪಂಖವೂ ಉರಿಯುವ ಒಲೆಯೂ ಒಂದೇ ಬಚ್ಚಲಿನಲ್ಲಿ ಕೂಡಿರಲಾಗದು.

ಹೊಗೆಕೊಳವೆಯ ಬೆಲೆಯನ್ನು ಅಡಿಗೆಮನೆಗೆ ತಿಳಿಯಪಡಿಸಿದವರ ಹೆಸರನ್ನೂ ಇಲ್ಲಿ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾರಂಭವಾದ 'ಅಸ್ತ್ರ' ಕೇಂದ್ರದವರು ಮುಚ್ಚಿದ ಉರಿಗೂಡು, ಹೊಗೆಕೊಳವೆಗಳುಳ್ಳ ಅಸ್ತ್ರ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ಒಯ್ದರು. ಹೆಂಗಸರ ಕಣ್ಣಿಗೂ ಶ್ವಾಸಕೋಶಕ್ಕೂ ಅದು ಮಾಡಿದ ಉಪಕಾರ ದೊಡ್ಡದು.

ಸೌದೆಯ ತೇವದ ಬಗ್ಗೆ ನಮ್ಮ ತಾರ್ಕಿಕರು ಒಳ್ಳೆಯ ಮಾತೊಂದನ್ನು ಹೇಳಿರುವರು. ಹೊಗೆಯನ್ನು ಕಂಡು ಬೆಂಕಿಯುಂಟೆಂದು ಊಹಿಸಬಹುದು, ಆದರೆ ಬೆಂಕಿಯನ್ನು ಕಂಡು ಹೊಗೆಯುಂಟೆಂದು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯು ಹೊಗೆಯಾಡಬೇಕಾದರೆ ಆರ್ದ್ರೇಂಧನ ಸಂಯೋಗ, ಎಂದರೆ ಹಸಿಯ ಸೌದೆಯ ಕೂಟ ಬೇಕು. ಪಾಠಶಾಲೆಯಲ್ಲಿ ಇದನ್ನು ಉಪಾಧಿಗೆ ಉದಾಹರಣೆಯಾಗಿ ಉರುಹೊಡೆದವರು ಬಚ್ಚಲಿಗೆ ಬಂದಾಗ ಮರೆಯುತ್ತಾರೆ. ಆಗತಾನೆ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಕುದಿಯುವ ನೀರನ್ನು ಆವಿಯಾಗಿಸಲು ಬೇಕಾದ ಶಾಖವು, ಮಂಜಿನಷ್ಟು ತಣ್ಣಗಿರುವ ಅಷ್ಟೇ ನೀರನ್ನು ಕುದಿಯುವಂತೆ ಮಾಡಲು ಬೇಕಾದುದರ ಐದು ಪಾಲಿಗೂ ಮಿಕ್ಕಿದ್ದು. ಆದುದರಿಂದ ಹಸಿ ಕೊರಡು ಹಂಡೆಯ ನೀರನ್ನು ಕಾಯಿಸುವುದಕ್ಕೆ ಮೊದಲು ತನ್ನೊಳಗಿನ ನೀರನ್ನೇ ಕಾಯಿಸುತ್ತ ಕೂರುತ್ತದೆ. ನರಕ ಚತುರ್ದಶಿಯ ಅಭ್ಯಂಜನವು ಬರುವುದು ಮಳೆಗಾಲ ಆಗತಾನೆ ಹಿಂದೆಗೆದ ದಿನಗಳಲ್ಲಿ; ಹಿಂದಿನ ಸಂಜೆ ಹಂಡೆಯನ್ನು ತೊಳೆದು, ಕೆಮ್ಮಣ್ಣು ಸುಣ್ಣ ಬಳಿದು, ಹೂವು ಸುತ್ತಿ ನೀರು ತುಂಬುವವರು ಒಲೆಯ ಬಾಯಿಗೆ ಒಡ್ಡುವ ಸೌದೆಯನ್ನೂ ಒಂದು ವಾರ ಮೊದಲೇ ಒಲೆಯ ಪಕ್ಕದ ಕಾವಿನಲ್ಲಿ ಪೇರಿಸಿಟ್ಟಿದ್ದರೆ, ಬೆಳಗಿನ ಜಾವದಲ್ಲಿ ಮಕ್ಕಳು ತಲೆಗೆ ಎಣ್ಣೆ ಹಚ್ಚಿಕೊಂಡು ನಡುಗುತ್ತ ಕಾಯಬೇಕಾಗುವುದಿಲ್ಲ. ಹೊತ್ತಿಸಲು ಒಣ ಕರಟ, ತೆಂಗಿನ ಸೋಗೆ, ಅಡಕೆಯ ಸಿಪ್ಪೆಗಳಿಗಿಂತ ಉತ್ತಮವಾದುದಿಲ್ಲ.

ಒಂದು ಸೂಕ್ಷ್ಮವಾದ ದೋಷವನ್ನು ಅನುಭವಸ್ಥರೂ ಮರೆಯುವರು. ಉರಿಯುತ್ತಿರುವ ಕೆಂಡದ ಮೇಲೆ ಆಗಾಗ 'ಚುಂಯ್' ಎಂಬ ಶಬ್ದ ಕೇಳಿದರೆ, ಬಾಯ್ಲರಿನ ನಡುಗೊಳವೆಯ ಬೆಸುಗೆ ಸಡಿಲವಾಗಿ ನೀರು ತೊಟ್ಟಿಕ್ಕುತ್ತಿದೆಯೆಂದು ತಿಳಿಯಬೇಕು. ಆದರೆ ಮೊದಲ ಹತ್ತು ನಿಮಿಷ ಮಾತ್ರ ಕೇಳಿ ಆಮೇಲೆ ನಿಂತರೆ ಅದು ಸೋರಿಕೆಯಲ್ಲ. ತಣ್ಣನೆಯ ತಾಮ್ರವು ಹೊಗೆಯ ತೇವಕ್ಕೆ ಬೆವರುತ್ತಿದೆ, ಅಷ್ಟೆ. ನೀರಿಲ್ಲದ ಬಾಯ್ಲರಿಗೆ ಬೆಂಕಿಯಿಟ್ಟರೆ ಬೆಸುಗೆ ಕರಗಿ ಬಿಡುತ್ತದೆ. ಅದರ ಆವಿ ಹೋಗುವ ದ್ವಾರವನ್ನು ಬಿರಟೆಯಿಂದ ಮುಚ್ಚಿದರೆ ಪಾತ್ರೆಯೇ ಸಿಡಿಯಬಹುದು.

ಆರಿದಂತೆ ಕಾಣುವ ಒಲೆಗೆ ಸೀಮೆಯೆಣ್ಣೆ ಸುರಿಯುವವರಿಗೆ ಒಂದು ಮಾತು. ಬೂದಿಯ ಕೆಳಗೆ ಬದುಕಿರುವ ಕೆಂಡವು ಎಣ್ಣೆಯನ್ನು ಮೊದಲು ಆವಿಯಾಗಿಸುತ್ತದೆ. ಆ ಆವಿ ಕೊಳವೆಯಲ್ಲಿ ತುಂಬಿಕೊಂಡ ಮೇಲೆ ಒಮ್ಮೆಗೇ ಭುಗಿಲ್ಲೆಂದು ಹೊತ್ತಿ, ಬಗ್ಗಿ ನೋಡುತ್ತಿರುವವರ ಮುಖಕ್ಕೂ ಸೀರೆಯ ಸೆರಗಿಗೂ ಹಾರುತ್ತದೆ. ಸ್ನಾನಕ್ಕೆ ಅರ್ಧ ಗಂಟೆ ತಡವಾದರೂ ಚಿಂತೆಯಿಲ್ಲ, ಈ ಕೆಲಸ ಕೂಡದು.

ಇಷ್ಟರವರೆಗೆ ಒಲೆ ಆರುವುದರಿಂದ ಬರುವ ತೊಂದರೆಯನ್ನು ಹೇಳಿದೆವು. ಅರೆಬರೆ ಆರಿದ ಒಲೆಯು ಅದಕ್ಕಿಂತಲೂ ಭಯಂಕರವಾದುದು. ಕೆಂಡಕ್ಕೆ ಗಾಳಿ ಸಾಲದಿದ್ದಾಗ ಇಂಗಾಲವು ಅರ್ಧ ಮಾತ್ರ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ದಪ್ಪವಾಗಿ ಒಟ್ಟಿದ ಕೆಂಡದ ಮೇಲೆ ನೀಲಿಯ ಜ್ವಾಲೆ ಆಡುವುದನ್ನು ವಾಚಕರು ಕಂಡಿರಬಹುದು. ಆ ಅನಿಲವೇ ಅಲ್ಲಿ ಉರಿಯುತ್ತಿರುವುದು. ನೀಲಿ ಜ್ವಾಲೆ ಏಳದೆ ಕೆಂಡ ಮಂಕಾಗಿದ್ದರೆ ಅದು ಉರಿಯದೆಯೇ ಕೋಣೆಯಲ್ಲಿ ಹರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಿನ ಬಲದಿಂದ ಅಂಟಿಕೊಳ್ಳುವುದರಿಂದ, ಉಸಿರಾಡುತ್ತಿದ್ದರೂ ದೇಹವು ಉಸಿರಿಲ್ಲದೆ ಬಳಲುತ್ತದೆ. ಹೊಗೆಯಾದರೆ ಕಣ್ಣನ್ನು ಉರಿಸಿ ಎಚ್ಚರಿಸುತ್ತದೆ. ಇದ್ದಲಿನ ಕೆಂಡಕ್ಕೆ ಹೊಗೆಯೇ ಇಲ್ಲವಾದ್ದರಿಂದ ಆ ಎಚ್ಚರಿಕೆಯೂ ಇಲ್ಲ.

ಬಚ್ಚಲೊಲೆಗೆ ಹೊಗೆಕೊಳವೆಯಾದರೂ ಇರುತ್ತದೆ. ಕೆಂಡ ತುಂಬಿದ ಅಗ್ಗಿಷ್ಟಿಕೆಗೆ ಅದೂ ಇಲ್ಲ. ನಮ್ಮಲ್ಲಿ ಬಾಣಂತಿಯ ಕೋಣೆಗೆ ಶೀತಗಾಳಿ ಸೋಕಬಾರದೆಂದು ಕಿಟಕಿಯ ಸಂದುಗಳಿಗೂ ಬಟ್ಟೆ ತುರುಕಿ, ಮಂಚದ ಕೆಳಗೆ ಅಗ್ಗಿಷ್ಟಿಕೆಯಿಟ್ಟು, ಅದರ ಮೇಲೆ ಸಾಂಬ್ರಾಣಿ ಹಾಕಿ ಬಾಗಿಲೆಳೆದುಕೊಳ್ಳುವ ಪದ್ಧತಿಯಿತ್ತು. ಕೆಲವೆಡೆ ಈಗಲೂ ಇದೆ. ಹಿರಿಯ ಹೆಂಗಸರು ಪ್ರೀತಿಯಿಂದಲೇ ಮಾಡುವ ಈ ಉಪಚಾರದಲ್ಲಿ ತಾಯಿಗೂ ಹಸುಗೂಸಿಗೂ ಪ್ರಾಣಾಪಾಯವಿದೆ. ಕೆಂಡದ ಪಕ್ಕದಲ್ಲಿ ನೀರಿನ ತಂಬಿಗೆಯಿಟ್ಟರೆ ದೋಷವನ್ನು ಅದು ಹೀರುವುದೆಂಬ ನಂಬಿಕೆಯುಂಟು. ಈ ಅನಿಲವು ನೀರಿನಲ್ಲಿ ಕರಗುವುದು ಅತ್ಯಲ್ಪವಾದ್ದರಿಂದ ತಂಬಿಗೆಯಿಂದ ರಕ್ಷಣೆಯಿಲ್ಲ. ಕೋಣೆಯನ್ನು ಮೊದಲು ಕಾಯಿಸಿ, ಅಗ್ಗಿಷ್ಟಿಕೆಯನ್ನು ಹೊರಗೆ ಸಾಗಿಸಿ, ಒಮ್ಮೆ ಗಾಳಿಯಾಡಿಸಿದ ಮೇಲೆ ತಾಯಿಮಗುವನ್ನು ಒಳಕ್ಕೆ ಕರೆತರುವುದು ಸಾಧ್ಯ. ಬಿಸಿನೀರಿನ ಚೀಲಗಳಿಂದ ಹಾಸಿಗೆಯನ್ನು ಬೆಚ್ಚಗೆ ಮಾಡುವುದು ಇನ್ನೂ ಮೇಲು. ಅನಿಲದಿಂದ ನೀರು ಕಾಯಿಸುವ ಗೀಸರುಗಳನ್ನು ಗಾಳಿಯಾಡದ ಸ್ನಾನಗೃಹದಲ್ಲಿ ಇಟ್ಟು ಸತ್ತವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಅಲ್ಲಿಯೂ ಕೊಲ್ಲುವುದು ಇದೇ ವಿಷಾನಿಲ.

ಕೋಣೆಯಲ್ಲಿರುವವರಿಗೆ ತಲೆ ಸಿಡಿತ, ತಲೆತಿರುಗು, ವಾಕರಿಕೆ, ಕೈಕಾಲುಗಳ ಸೋಲು ಕಂಡುಬಂದರೆ, ಅದರಲ್ಲಿಯೂ ಒಬ್ಬರಿಗಿಂತ ಹೆಚ್ಚು ಮಂದಿಗೆ ಏಕಕಾಲದಲ್ಲಿ ಕಂಡುಬಂದರೆ, ಪಿತ್ತವೆಂದೋ ದೃಷ್ಟಿಯೆಂದೋ ತಡಮಾಡಬಾರದು. ಬಾಗಿಲುಗಳನ್ನು ತೆರೆದಿಟ್ಟು ಎಲ್ಲರನ್ನೂ ಬಯಲಿಗೆ ಸಾಗಿಸಬೇಕು. ಒಲೆ ಆರಿಸುವ ಕೆಲಸ ಆಮೇಲೆ. ಎಚ್ಚರ ತಪ್ಪಿದವರ ಬಾಯಿಗೆ ನೀರು ಮಜ್ಜಿಗೆಗಳನ್ನು ಹನಿಸಕೂಡದು. ಬಯಲಿನಲ್ಲಿ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ದು, ಇದ್ದಲು ಉರಿಯುತ್ತಿದ್ದ ಮುಚ್ಚಿದ ಕೋಣೆಯಿಂದ ಬಂದವರೆಂದು ವೈದ್ಯರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. ಹಾಗೆ ತಿಳಿಸಿದರೆ ಅವರು ಬೇರೆ ಬೇರೆ ಕಾರಣಗಳನ್ನು ಹುಡುಕುತ್ತ ಕಾಲ ಕಳೆಯದೆ ಕೂಡಲೇ ಆಮ್ಲಜನಕವನ್ನು ಕೊಡುವರು.